ಮುಷ್ಟಿಯೊಳಗಿನ ಚೆಂಡು: ಜೈಲು, ವೀಕ್ಷಣಾಲಯಗಳಲ್ಲಿ ಸಿಬಿಟಿ ನಿಜಕ್ಕೂ ಕೆಲಸ ಮಾಡುತ್ತಾ?

ತುಂಗಾತೀರ
ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು ಎರಡನೇ ವರ್ಷ ಓದ್ತಿದೀನಿ. ಫೀಲ್ಡ್‌ವರ್ಕ್‌ಗೆ ಒಂದು ವೀಕ್ಷಣಾಲಯಕ್ಕೆ (ಕೇಸು ನಡೀತಿರೋವಾಗ ಹುಡುಗರನ್ನ ಇಡೋ ಜಾಗ) ಹಾಕಿದ್ದಾರೆ. ಅಲ್ಲಿರೋ ಹುಡುಗರಿಗೆ ಎಂಟು ವಾರದ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಗಮನಿಸಿ ನಡವಳಿಕೆ ಬದಲಿಸೋ ಚಿಕಿತ್ಸೆ) ಕಾರ್ಯಕ್ರಮ ಬರೆದುಕೊಂಡು ಬಾ ಅಂದರು ನನ್ನ ಗೈಡ್. "ಯೋಗ, ಧ್ಯಾನ, ನೀತಿಕಥೆ ಎಲ್ಲ ಸ್ವಲ್ಪ ಸ್ವಲ್ಪ ಸೇರಿಸು, ರಿಪೋರ್ಟ್ ತುಂಬಿಕೊಂಡು ಕಾಣುತ್ತೆ" ಅಂತಲೂ ಅಂದರು. ಈ ಕೊನೆ ಮಾತು ಗಂಟಲಲ್ಲಿ ಇಳೀತಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ಚಿಕಾಗೊದ್ದು ಓದಿದೆ. ಯೂತ್ ಗೈಡೆನ್ಸ್ ಅನ್ನೋ ಸಂಸ್ಥೆ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 'ಬಿಕಮಿಂಗ್ ಎ ಮ್ಯಾನ್' ಅಂತ ಸಿಬಿಟಿ ಕಾರ್ಯಕ್ರಮ ನಡೆಸುತ್ತೆ. ಶುರುವಿನಲ್ಲೇ ಒಂದು ಆಟ. ಇಬ್ಬಿಬ್ಬರು ಹುಡುಗರ ಜೋಡಿ, ಒಬ್ಬನ ಮುಷ್ಟಿಯಲ್ಲಿ ಚೆಂಡು. "ಮೂವತ್ತು ಸೆಕೆಂಡಲ್ಲಿ ಅದನ್ನ ಅವನ ಕೈಯಿಂದ ತಗೋ" ಅಂತ ಇನ್ನೊಬ್ಬನಿಗೆ ಹೇಳ್ತಾರೆ. ಶುರುವಾಯ್ತು ನೋಡಿ: ಕೈ ತಿರುಚೋದು, ಬೆರಳು ಬಿಡಿಸೋದು, ನೆಲಕ್ಕೆ ಕೆಡವೋದು. ಟೈಂ ಆದ ಮೇಲೆ ಮೇಷ್ಟ್ರು ಕೇಳ್ತಾರೆ, "ಕೊಡಪ್ಪಾ ಅಂತ ಯಾಕೆ ಕೇಳ್ಲಿಲ್ಲ?" "ಕೇಳಿದ್ರೆ ಎಲ್ಲಿ ಕೊಡ್ತಿದ್ದ, ನನ್ನನ್ನ ಪುಕ್ಕಲ ಅಂದ್ಕೋತಿದ್ದ" ಅಂತಾನೆ ಅವನು. ಆಗ ಚೆಂಡು ಹಿಡಿದಿದ್ದವನ ಕಡೆ ತಿರುಗಿ ಕೇಳಿದರೆ, "ಕೇಳಿದ್ರೆ ಕೊಡ್ತಿದ್ದೆ, ಒಂದು ಚೆಂಡು ತಾನೆ" ಅಂತಾನೆ ಇವನು.

ಚಿಕಾಗೊ ವಿಶ್ವವಿದ್ಯಾಲಯದ ಕ್ರೈಮ್ ಲ್ಯಾಬ್‌ನವರು ಲಾಟರಿ ಎತ್ತಿ, ಕಾರ್ಯಕ್ರಮಕ್ಕೆ ಸೇರುವವರು, ಸೇರದವರು ಅಂತ ಹುಡುಗರನ್ನ ಬೇರೆ ಮಾಡಿ ನೋಡಿದರು. ಕಾರ್ಯಕ್ರಮ ನಡೆಯೋವಾಗ ಹಿಂಸೆಯ ಕೇಸಲ್ಲಿ ಸಿಕ್ಕಿಬೀಳೋದು 45ರಿಂದ 50% ಕಡಿಮೆ ಆಗಿತ್ತು. ಚಿಕಾಗೊ ಇರೋ ಕುಕ್ ಕೌಂಟಿಯ ಬಾಲಬಂಧನ ಕೇಂದ್ರದಲ್ಲೂ ಇದೇ ಬಗೆಯ ಪ್ರಯೋಗ ಮಾಡಿದಾಗ ಬಿಟ್ಟುಹೋದ ಹುಡುಗರು ಮತ್ತೆ ಒಳಗೆ ಬರೋದು 21% ಇಳಿಯಿತು. ಇದೆಲ್ಲ ಪ್ರಕಟವಾದದ್ದು 2017ರಲ್ಲಿ.

ಅದೇ 2017ರಲ್ಲಿ ಇಂಗ್ಲೆಂಡಿನ ಕಾನೂನು ಸಚಿವಾಲಯ ಇನ್ನೊಂದು ವರದಿ ತಂತು. ಜೈಲಲ್ಲಿ ಇಪ್ಪತ್ತೈದು ವರ್ಷ ನಡೆಸಿದ ಲೈಂಗಿಕ ಅಪರಾಧಿಗಳ ಕಾರ್ಯಕ್ರಮ, ಅದೂ ಸಿಬಿಟಿಯೇ. ಅದಕ್ಕೆ ಹೋದವರಲ್ಲಿ 10% ಜನ ಮತ್ತೆ ಲೈಂಗಿಕ ಅಪರಾಧ ಮಾಡಿದ್ದರು. ಹೋಗದೇ ಇದ್ದವರಲ್ಲಿ 8%. ಅಂದರೆ ಹೋಗದೇ ಇದ್ದಿದ್ದರೇ ಒಳ್ಳೇದಿತ್ತಾ?

ಯಾವುದನ್ನ ನಂಬಲಿ ಹೇಳಿ.

ಸುಮ್ನೆ_ಕೇಳ್ದೆ
ನಮ್ಮನೆ ಬೀಗ ಒಡೆದು ಒಡವೆ ತಗೊಂಡು ಹೋದವನಿಗೆ ಸರ್ಕಾರಿ ಖರ್ಚಲ್ಲಿ ಚೆಂಡಾಟ ಆಡಿಸ್ತಾರಾ? ಭೇಷ್. ನಮಗೂ ಯಾರಾದ್ರೂ ಕೌನ್ಸೆಲಿಂಗ್ ಕೊಡಿ.

ಓಹಾಯೋ_ಗೌಡ
@ಸುಮ್ನೆ_ಕೇಳ್ದೆ, ನಿಮ್ಮ ಸಿಟ್ಟು ನ್ಯಾಯವಾದದ್ದೇ ಸಾರ್. ಆದರೆ ಅವನು ಇವತ್ತಲ್ಲ ನಾಳೆ ಹೊರಗೆ ಬಂದೇ ಬರ್ತಾನೆ. ಬಂದಾಗ ಹೇಗೆ ಬರಬೇಕು ಅನ್ನೋದಷ್ಟೇ ಪ್ರಶ್ನೆ.

@ತುಂಗಾತೀರ, ನಾನು ಹಾಸನದವನು, ಈಗ ಓಹಾಯೋದಲ್ಲಿದ್ದೀನಿ. ಇಲ್ಲಿನ ಕೌಂಟಿ ಜೈಲಲ್ಲಿ 'ಥಿಂಕಿಂಗ್ ಫಾರ್ ಎ ಚೇಂಜ್' ಅನ್ನೋ ಸಿಬಿಟಿ ಗುಂಪಿಗೆ ಸಂಜೆ ಹೊತ್ತು ಸಹಾಯಕ್ಕೆ ಹೋಗ್ತೀನಿ, ಸಂಬಳ ಗಿಂಬಳ ಇಲ್ಲ. ಇದು 1997ರಲ್ಲಿ ಅಮೆರಿಕ ಸರ್ಕಾರದ ಜೈಲು ವಿಷಯದ ಸಂಸ್ಥೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಕರೆಕ್ಷನ್ಸ್‌ನವರು ತಂದದ್ದು, ಈಗ ಇಲ್ಲಿ ಎಷ್ಟೋ ರಾಜ್ಯಗಳಲ್ಲಿ ನಡೆಯುತ್ತೆ. ಒಳಗೆ ಏನು ಮಾಡ್ತಾರೆ ಅಂತ ತಿಳಿದರೆ ನಿಮ್ಮ ಗೈಡ್‌ಗೆ ಉತ್ತರ ಕೊಡೋದು ಸುಲಭ ಆಗಬಹುದು.

ಮುಖ್ಯ ಕಸರತ್ತು ಅಂದರೆ 'ಯೋಚನೆ ವರದಿ'. ಪ್ರತಿಯೊಬ್ಬನೂ ತನಗೆ ಆದ ಒಂದು ಘಟನೆ ತಂದು ಬೋರ್ಡ್ ಮೇಲೆ ಬರೀಬೇಕು. ಒಂದು ಮಾದರಿ ಕೊಡ್ತೀನಿ, ನಿಜವಾದ ವ್ಯಕ್ತಿದಲ್ಲ, ನಾನೇ ಹೆಣೆದದ್ದು.

ಘಟನೆ: ಕೆಲಸದ ಜಾಗದಲ್ಲಿ ಸೂಪರ್‌ವೈಸರ್ ಎಲ್ಲರೆದುರು "ಇವತ್ತು ನೀನು ಮನೆಗೆ ಹೋಗು" ಅಂದ.
ತಲೆಗೆ ಬಂದದ್ದು: ಬೇಕು ಅಂತಲೇ ಅಂದ. ಎಲ್ಲರೂ ನನ್ನನ್ನೇ ನೋಡ್ತಿದಾರೆ. ಈಗ ಸುಮ್ಮನಿದ್ರೆ ನಾಳೆ ತಲೆ ಮೇಲೆ ಕೂರ್ತಾನೆ. ಒಂದು ಬಿಟ್ರೆ ಸರಿಹೋಗ್ತಾನೆ.
ಮನಸ್ಸಲ್ಲಾದದ್ದು: ಅವಮಾನ, ಸಿಟ್ಟು, ಸ್ವಲ್ಪ ಹೆದರಿಕೆ.
ಒಳಗಿರೋ ನಂಬಿಕೆ: ಮರ್ಯಾದೆ ತೆಗೆದವನಿಗೆ ಅಲ್ಲೇ ಉತ್ತರ ಕೊಡಬೇಕು.

ಅಷ್ಟೇ. ನಡೆಸೋರು "ಇದು ತಪ್ಪು" ಅಂತ ಒಂದು ಮಾತೂ ಆಡೋ ಹಾಗಿಲ್ಲ. ಇದರಲ್ಲಿ ಯಾವ ಸಾಲು ನಿನ್ನನ್ನ ಪೊಲೀಸ್ ಗಾಡಿ ಹತ್ತಿಸ್ತು ಅಂತ ಅವನ ಕೈಲೇ ಗೆರೆ ಎಳೆಸ್ತೀವಿ. ಆ ಸಾಲಿನ ಜಾಗದಲ್ಲಿ ಇನ್ನೇನು ಬರಬಹುದಿತ್ತು ಅಂತ ಗುಂಪಿನವರೇ ಹೇಳ್ತಾರೆ. "ಹಿಂದಿನ ರಾತ್ರಿ ನಿದ್ದೆಗೆಟ್ಟು ಬಂದಿದ್ದೆ, ಅದನ್ನ ನೋಡಿ ಹೇಳಿರಬಹುದು" ಅಂತ ಒಬ್ಬ ಅಂದ ಅಂತ ಇಟ್ಕೊಳ್ಳಿ. ನಂತರ ಎದ್ದು ನಿಂತು ಅದನ್ನ ಅಭಿನಯಿಸಿ ತೋರಿಸಬೇಕು, ಒಬ್ಬ ಸೂಪರ್‌ವೈಸರ್, ಒಬ್ಬ ಅವನು. ನಗು, ಕೂಗಾಟ, ಕೀಟಲೆ ಎಲ್ಲ ಇರುತ್ತೆ. ಕಲಿಯೋದು ಆ ಅಭಿನಯದಲ್ಲೇ. ಅದನ್ನ ಬಿಟ್ಟು ಬರೀ ಹಾಳೆ ತುಂಬಿಸಿದರೆ ಸರ್ಟಿಫಿಕೇಟ್ ಸಿಗುತ್ತೆ, ಇನ್ನೇನೂ ಸಿಗಲ್ಲ.

ಅಂಕಿಸಂಖ್ಯೆ
ತುಂಗಾತೀರ ಅವರೇ, ನೀವು ಕೊಟ್ಟ ಎರಡೂ ಅಂಕಿ ಸರಿಯಾಗಿವೆ, ಎರಡನ್ನೂ ನಂಬಬಹುದು. ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಈ ಕ್ಷೇತ್ರದಲ್ಲಿ ಜನ ಎರಡು ತುದಿಗೆ ಓಡಾಡಿದ್ದಾರೆ. 1974ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮಾರ್ಟಿನ್ಸನ್ ಅಪರಾಧಿಗಳ ಸುಧಾರಣೆಯ 231 ಅಧ್ಯಯನ ಜಾಲಾಡಿ ಒಂದು ಲೇಖನ ಬರೆದರು. ಅದನ್ನ ಓದಿದವರು "ಯಾವುದೂ ಉಪಯೋಗ ಇಲ್ಲ" ಅಂತಲೇ ಅರ್ಥ ಮಾಡಿಕೊಂಡರು, ಅಮೆರಿಕದಲ್ಲಿ ಸುಧಾರಣೆಯ ಮಾತು ಹಿಂದೆ ಬಿತ್ತು. 1979ರಲ್ಲಿ ಅವರೇ ಆ ಮಾತನ್ನ ಬಹುಮಟ್ಟಿಗೆ ಹಿಂತೆಗೆದುಕೊಂಡರು. ಅಷ್ಟು ಹೊತ್ತಿಗೆ ಕೇಳೋರು ಇರಲಿಲ್ಲ. ಆಮೇಲೆ ಕೆನಡಾದ ಮನೋವಿಜ್ಞಾನಿಗಳಾದ ಆಂಡ್ರೂಸ್, ಬೊಂಟಾ ಮೊದಲಾದವರು ಬೇರೆ ಪ್ರಶ್ನೆ ಎತ್ತಿದರು: ಯಾರಿಗೆ, ಯಾವುದಕ್ಕೆ, ಹೇಗೆ? ಮತ್ತೆ ಅಪರಾಧಕ್ಕೆ ಇಳಿಯೋ ಸಾಧ್ಯತೆ ಹೆಚ್ಚಿರುವವರ ಮೇಲೆ ಶ್ರಮ ಹಾಕಿ. ಕಡಿಮೆ ಇರುವವರನ್ನ ಅವರ ಜೊತೆ ಸೇರಿಸಬೇಡಿ, ಕೆಡುವ ಅಪಾಯವೇ ಹೆಚ್ಚು. ಇದು 1990ರ ಮಾತು, ಇವತ್ತಿಗೂ ನಿಂತಿದೆ.

2007ರಲ್ಲಿ ಲಿಪ್ಸಿ ಮತ್ತು ಅವರ ಸಹೋದ್ಯೋಗಿಗಳು 58 ಸಿಬಿಟಿ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ತೂಗಿದರು. ಸರಾಸರಿ ಲೆಕ್ಕದಲ್ಲಿ, ವರ್ಷದೊಳಗೆ ನೂರಕ್ಕೆ 40 ಜನ ಅಪರಾಧಕ್ಕೆ ಮರಳುವ ಕಡೆ 30 ಜನ ಮರಳಿದರು. ನನಗೆ ಇಷ್ಟವಾದದ್ದು ಅದರ ಇನ್ನೊಂದು ತೀರ್ಮಾನ. ಪ್ಯಾಕೇಜಿನ ಹೆಸರು ಯಾವುದು ಅನ್ನೋದರಿಂದ ಏನೂ ವ್ಯತ್ಯಾಸ ಆಗಲಿಲ್ಲ. ಅಪಾಯ ಹೆಚ್ಚಿರೋರನ್ನ ಆರಿಸಿದ್ದು, ಚೆನ್ನಾಗಿ ನಡೆಸಿದ್ದು, ಸಿಟ್ಟು ನಿಭಾಯಿಸೋದನ್ನೂ ಜನರ ಜೊತೆಗಿನ ತಕರಾರು ಬಗೆಹರಿಸೋದನ್ನೂ ಕಲಿಸಿದ್ದು, ಇವೇ ಲೆಕ್ಕಕ್ಕೆ ಬಂದವು. ಸಂಶೋಧಕರೇ ನಿಂತು ನಡೆಸಿದ ಕಡೆ ಫಲ ಚೆನ್ನಾಗಿತ್ತು, ಇಲಾಖೆ ತನ್ನ ಪಾಡಿಗೆ ನಡೆಸಿದ ಕಡೆ ಅಷ್ಟಿಲ್ಲ.

ಈಗ ತಣ್ಣೀರು. 2021ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ, ಜೈಲಿನೊಳಗಿನ ಮನೋವೈಜ್ಞಾನಿಕ ಕಾರ್ಯಕ್ರಮಗಳ 29 ಲಾಟರಿ ಪ್ರಯೋಗಗಳ ಪರಿಶೀಲನೆ ಬಂತು. ಮೇಲ್ನೋಟಕ್ಕೆ ಲಾಭ ಕಂಡಿತು. ಸಣ್ಣ ಪ್ರಯೋಗಗಳನ್ನ ತೆಗೆದುಹಾಕಿದಾಗ ಆ ಲಾಭ ಗಟ್ಟಿಯಾಗಿ ಉಳಿಯಲಿಲ್ಲ. ಸಣ್ಣ ಪ್ರಯೋಗ ಚೆನ್ನಾಗಿ ಬಂದರೆ ಪ್ರಕಟ ಆಗುತ್ತೆ, ಕೆಟ್ಟದಾಗಿ ಬಂದರೆ ಡ್ರಾಯರ್ ಸೇರುತ್ತೆ, ಇದು ಎಲ್ಲ ವಿಷಯದಲ್ಲೂ ಇರೋ ರೋಗ.

ಇಂಗ್ಲೆಂಡಿನದು ಲಾಟರಿ ಪ್ರಯೋಗ ಅಲ್ಲ. ಕಾರ್ಯಕ್ರಮಕ್ಕೆ ಹೋದ 2,562 ಜನರನ್ನ, ಅವರನ್ನೇ ಹೋಲುವ ಹಾಗೆ ಆರಿಸಿದ 13,219 ಜನರ ಜೊತೆ ಇಟ್ಟು ನೋಡಿದ್ದು. ಹಾಗಾಗಿ ಹತ್ತು ಎಂಟರ ವ್ಯತ್ಯಾಸದಿಂದ "ಸಿಬಿಟಿಯೇ ಕೆಡಿಸಿತು" ಅಂತ ಗಟ್ಟಿಯಾಗಿ ಹೇಳಕ್ಕಾಗಲ್ಲ. "ಉಪಯೋಗ ಆಯ್ತು" ಅಂತ ಹೇಳೋಕಂತೂ ದಾರಿಯೇ ಇಲ್ಲ. ಸರ್ಕಾರ ಆ ಕಾರ್ಯಕ್ರಮ ನಿಲ್ಲಿಸಿ ಹೊರೈಜನ್, ಕೈಜನ್ ಅಂತ ಬೇರೆ ಎರಡು ತಂತು. ಗುಂಪಲ್ಲಿ ಕೂತು ತಂತಮ್ಮ ಅಪರಾಧದ ವಿವರ ಹೇಳಿಕೊಳ್ಳೋದು ಹಳೇದರಲ್ಲಿ ದೊಡ್ಡ ಭಾಗ ಆಗಿತ್ತು. ಕೇಳಿ ಕೇಳಿ ಅದು ಮಾಮೂಲಿ ಅನ್ನಿಸಿಬಿಟ್ಟಿರಬಹುದು ಅಂತ ವರದಿಯೇ ಶಂಕೆ ಹೇಳಿತ್ತು.

ನಿವೃತ್ತ_ಧಾರವಾಡ
ಎಲ್ಲಾ ಓದಿದ್ಯಾ. ನಾ ಜೈಲ್ ಇಲಾಖಿಯೊಳಗ ಇದ್ದು ರಿಟೈರ್ ಆದಂವ. ನಮ್ಮ ಕಡಿ ಮಾತಿನ್ಯಾಗ ಬರೀತೀನಿ, ತಪ್ಪ ತಿಳ್ಕೋಬ್ಯಾಡ್ರಿ.

ಚಿಕಾಗೊ ಬಿಡ್ರಿ, ನಮ್ಮಲ್ಲೆ ಹನ್ನೆರಡ ಮಂದೀನ ಕೂಡಿಸಿ ಒಂದ ಗುಂಪ ಮಾಡ್ರಿ ನೋಡೂಣು. ಮುಂದಿನ ವಾರ ಇಬ್ಬರಿಗೆ ಜಾಮೀನು ಆಗಿರ್ತದ. ಒಬ್ಬಂದು ಕೋರ್ಟ್ ತಾರೀಖು. ಒಬ್ಬಂವ ಮುಲಾಖತ್‌ಗೆ, ಅಂದ್ರ ಮನಿಯವರ ಭೆಟ್ಟಿಗೆ, ಹೋಗ್ಯಾನ. ಇನ್ನೊಬ್ಬನ್ನ ಬ್ಯಾರೆ ಜೈಲಿಗೆ ಕಳಿಸಿರ್ತಾರ. ಇನ್ನೊಬ್ಬಂವಗ ಜ್ವರ. ಉಳಿದಾವ ಆರ. ಅದರ ಮ್ಯಾಲ ಹೊಸಬರು ನಾಕ ಮಂದಿ ಬಂದ ಕೂತಿರ್ತಾರ, ಅವರಿಗೆ ಮೊದಲಿನ ಪಾಠ ಗೊತ್ತಿಲ್ಲ. ದೇಶದ ಜೈಲಿನ್ಯಾಗ 2022ರ ಕಡೀಗೆ 5,73,220 ಮಂದಿ ಇದ್ರು, ನೂರಕ್ಕ 76 ಮಂದಿ ವಿಚಾರಣಾಧೀನ. ಜಾಗಾ ಇರೂದು ನೂರ ಮಂದಿಗೆ, ತುಂಬಿದ್ದು 131 ಮಂದಿ. ಗುಂಪ ಕೂಡಿಸಲಿಕ್ಕೆ ಒಂದ ಖೋಲಿ ಸಿಗೂದ ದೊಡ್ಡ ಮಾತು.

ಹೊರಗಿಂದ ಬಂದವರು ಭಾಳ ಮಂದಿ ಬಂದ ಹೋಗ್ಯಾರ. ಭಾಷಣಾ ಮಾಡ್ತಾರ, ಫೋಟೋ ತಗಿಸ್ಕೋತಾರ, ಬಾಳೆಹಣ್ಣ ಹಂಚಿ ಹೊಕ್ಕಾರ. ಹುಡುಗ್ರು ಹಣ್ಣಿಗೆ ಕೂತಿರ್ತಾರ. ಹಂಗಂತ ಯಾವುದೂ ನಡಿಯೂದಿಲ್ಲ ಅಂತ ನಾ ಹೇಳೂದಿಲ್ಲ. ತಿಹಾರದಾಗ 1993–94ರಾಗ ಕಿರಣ್ ಬೇಡಿ ಬಾಯಾರು ವಿಪಶ್ಯನಾ ಧ್ಯಾನದ ಶಿಬಿರ ಮಾಡ್ಸಿದ್ರಲ್ಲ, ಒಮ್ಮೆ ಸಾವಿರ ಮಂದಿಗೆ. ನಮ್ಮ ರಾಜ್ಯದಾಗ ರಂಗಕರ್ಮಿ ಕಟ್ಟೀಮನಿ ಅವರು ಕೈದಿಗಳ ಕಡೆಯಿಂದ ನಾಟಕಾ ಆಡ್ಸಿದ್ರು. ನಾಟಕದಾಗ ಇದ್ದಂವ ತಿಂಗಳಗಟ್ಲೆ ತಾಲೀಮಿಗೆ ಬರ್ತಾನ, ಮಾತ ಬಾಯಿಪಾಠ ಮಾಡ್ತಾನ, ಇನ್ನೊಬ್ಬಂವನ ಸರದಿ ಬರೂತನಕ ಸುಮ್ಮ ನಿಂದರ್ತಾನ. ಗೌಡ್ರು ಹೇಳಿದ ಅಭಿನಯ ಅಂದ್ರ ಇದ ಅಲ್ಲೇನ್ರಿ? ಅದಕ್ಕ ನಾವು ಇಂಗ್ಲಿಷ್ ಹೆಸರ ಇಟ್ಟಿರಲಿಲ್ಲ, ಅಷ್ಟ.

ತಂಗೀ, ಎಂಟ ವಾರದ ಸರಪಳಿ ಪಾಠ ಬರೀಬ್ಯಾಡ. ಯಾವ ದಿನ ಬಂದ ಕೂತ್ರೂ ಆ ದಿನದ್ದು ಆ ದಿನಕ್ಕ ಮುಗೀಬೇಕು, ಹಂಗ ಬರಿ.

ತುಂಗಾತೀರ
ನಿವೃತ್ತ ಸಾರ್, ಇದು ನನ್ನ ತಲೆಗೇ ಬಂದಿರಲಿಲ್ಲ. ವೀಕ್ಷಣಾಲಯದಲ್ಲಂತೂ ಹುಡುಗರು ವಾರಕ್ಕೊಮ್ಮೆ ಬದಲಾಗ್ತಾರೆ. ತುಂಬಾ ಥ್ಯಾಂಕ್ಸ್.

ಕರಿಕೋಟು
ವಕೀಲಿಕೆ ಮಾಡುವವನು ನಾನು, ಬಾಲನ್ಯಾಯ ಮಂಡಳಿಯ ಮುಂದೆಯೂ ಹಾಜರಾಗುತ್ತೇನೆ. ಇಲ್ಲಿ ಯಾರೂ ಮುಟ್ಟದ ಒಂದು ವಿಷಯವಿದೆ.

ಚಿಕಾಗೊ ಶಾಲೆಯ ಹುಡುಗ ಆರೋಪಿ ಅಲ್ಲ. ಓಹಾಯೋದ ಗುಂಪಿನಲ್ಲಿ ಕೂತವರಲ್ಲಿ ಅನೇಕರಿಗೆ ಶಿಕ್ಷೆ ಆಗಿ ಹೋಗಿರುತ್ತದೆ. ವೀಕ್ಷಣಾಲಯದ ಹುಡುಗನ ಪ್ರಕರಣ ಇನ್ನೂ ನಡೆಯುತ್ತಿದೆ. 2015ರ ಬಾಲನ್ಯಾಯ ಕಾಯ್ದೆ ಅವನನ್ನು ನಿರಪರಾಧಿ ಎಂದೇ ಭಾವಿಸಿ ಹೊರಡುತ್ತದೆ. ಅಂಥವನನ್ನು ಗುಂಪಿನಲ್ಲಿ ಕೂರಿಸಿ "ನೀನು ಮಾಡಿದ್ದನ್ನು ಬೋರ್ಡ್ ಮೇಲೆ ಬರಿ" ಅಂದರೆ? ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ರುಜುವಾತಿಗೆ ತರುವಂತಿಲ್ಲ. ಸಮಾಜಕಾರ್ಯದ ವಿದ್ಯಾರ್ಥಿನಿಯ ಮುಂದೆ ಆಡಿದ ಮಾತಿಗೆ ಅದೇ ಬೇಲಿ ಇಲ್ಲ. ಜೊತೆಗೆ ಕೂತ ಉಳಿದ ಹುಡುಗರನ್ನು ನಾಳೆ ಸಾಕ್ಷಿಗೆ ಕರೆಯುವುದಿಲ್ಲವೆಂದು ಯಾರು ಹೇಳಬಲ್ಲರು? ಹದಿನಾರು ದಾಟಿದವನ ಮೇಲೆ ಘೋರ ಅಪರಾಧದ ಆರೋಪ ಇದ್ದರೆ, ವಯಸ್ಕನಂತೆ ವಿಚಾರಣೆ ಮಾಡಬೇಕೇ ಎಂದು ಮಂಡಳಿ 15ನೇ ಕಲಮಿನಡಿ ಪ್ರಾಥಮಿಕ ನಿರ್ಧಾರಣೆ ಮಾಡುತ್ತದೆ. ನಿಮ್ಮ ನೋಟ್‌ಬುಕ್ಕಿನ ಒಂದು ಸಾಲು ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ವರದಿ ಸೇರಿದರೆ ಆ ಹುಡುಗನ ಬದುಕೇ ಬೇರೆ ದಾರಿ ಹಿಡಿದೀತು.

ಪ್ರಕರಣದ ಮಾತು ಗುಂಪಿನಲ್ಲಿ ಬರಲೇಬಾರದು. ಬ್ಯಾರಕ್ಕಿನಲ್ಲಿ ತಟ್ಟೆಗಾಗಿ ಆದ ಜಗಳ, ಟಿವಿ ಚಾನೆಲ್ ಬದಲಿಸಿದ್ದಕ್ಕೆ ಆದ ಜಗಳ, ಇವೇ ಸಾಕು. ಯಾರಾದರೂ ತಾನಾಗಿ ಹೇಳಲು ಹೊರಟರೂ ತಡೆಯಿರಿ.

ಓಹಾಯೋ_ಗೌಡ
ವಕೀಲರು ಹೇಳಿದ್ದು ನೂರಕ್ಕೆ ನೂರು. ಸಣ್ಣ ಘಟನೆಯಲ್ಲೇ ಪಾಠ ಚೆನ್ನಾಗಿ ಕೂರುತ್ತೆ, ದೊಡ್ಡದು ತಂದರೆ ಸಮರ್ಥನೆ ಶುರುವಾಗುತ್ತೆ.

ಬಲವಂತದ ಬಗ್ಗೆಯೂ ಒಂದು ಮಾತು. 2018ರ ಫಸ್ಟ್ ಸ್ಟೆಪ್ ಕಾಯ್ದೆ ಪ್ರಕಾರ ಇಲ್ಲಿನ ಫೆಡರಲ್ ಜೈಲುಗಳಲ್ಲಿ ಇಂಥ ಕಾರ್ಯಕ್ರಮಕ್ಕೆ ಮೂವತ್ತು ದಿನ ಹೋದರೆ ಜೈಲಿಂದ ಬೇಗ ಹೊರಡೋಕೆ ಅರ್ಹರಾದವರ ಲೆಕ್ಕಕ್ಕೆ ಹತ್ತರಿಂದ ಹದಿನೈದು ದಿನ ಜಮಾ ಆಗುತ್ತೆ. ಜನ ಬರೋಕೆ ಅದು ಒಳ್ಳೇ ಆಮಿಷ. ಬಂದ ಮೇಲೆ ನಮಗೆ ಬೇಕಾದ ಉತ್ತರ ಏನು ಅಂತ ಬಲು ಬೇಗ ಕಲಿತುಬಿಡ್ತಾರೆ. ಗಿಣಿ ಹಾಗೆ ಒಪ್ಪಿಸ್ತಾರೆ. ಯಾರು ಒಪ್ಪಿಸ್ತಿದಾರೆ, ಯಾರು ತಿಣುಕಾಡ್ತಿದಾರೆ ಅನ್ನೋದು ಅಭಿನಯಕ್ಕೆ ನಿಲ್ಲಿಸಿದಾಗ ಗೊತ್ತಾಗುತ್ತೆ. ತಿಣುಕಾಡೋನ ಮೇಲೆ ನನಗೆ ಭರವಸೆ ಜಾಸ್ತಿ.

ಸುಮ್ನೆ_ಕೇಳ್ದೆ
ಸರಿ, ಒಪ್ಪಿದೆ ಅಂದ್ಕೊಳ್ಳಿ. ಹೊಟ್ಟೆಗಿಲ್ಲದೆ ಕದ್ದವನಿಗೆ ಯೋಚನೆ ಮಾಡೋದು ಕಲಿಸಿ ಏನು ಬಂತು? ಅವನು ಯೋಚನೆ ಮಾಡಿಯೇ ಕದ್ದಿರ್ತಾನೆ.

ಕುಡ್ಲದ_ರೋಹಿ
ಇದು ಒಳ್ಳೆಯ ಪ್ರಶ್ನೆ ಮಾರಾಯ್ರೆ, ಇದಕ್ಕೆ ಉತ್ತರ ಮನ್ರೋವಿಯಾದಲ್ಲಿ ಉಂಟು. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಜೈಲಲ್ಲಿ ಕೆಲಸ ಮಾಡಿದ್ದಿಲ್ಲ, ಆದರೆ ಈ ಅಧ್ಯಯನ ನನ್ನ ತಲೆಯಿಂದ ಹೋಗುದೇ ಇಲ್ಲ.

ಲೈಬೀರಿಯಾದಲ್ಲಿ ಎರಡು ಅಂತರ್ಯುದ್ಧ ಮುಗಿದ ಮೇಲಿನ ಕಥೆ. ರಾಜಧಾನಿ ಮನ್ರೋವಿಯಾದ ಬೀದಿಗಳಲ್ಲಿ ಕಳ್ಳತನ, ಮಾದಕವಸ್ತು ಮಾರಾಟ, ದರೋಡೆಯಲ್ಲಿದ್ದ 999 ಗಂಡಸರನ್ನು ಸೇರಿಸಿದರು, ಹಿಂದೆ ಬಂದೂಕು ಹಿಡಿದು ಹೋರಾಡಿದವರೂ ಅದರಲ್ಲಿದ್ದರು. ಜೈಲಿಗೆ ಹೋಗಿ ಹುಡುಕಿದ್ದಲ್ಲ, ಬೀದಿಯಿಂದಲೇ ಕರೆದದ್ದು. ಲಾಟರಿ ಹಾಕಿ ನಾಲ್ಕು ಭಾಗ ಮಾಡಿದರು: ಕೆಲವರಿಗೆ ಎಂಟು ವಾರ ಸಿಬಿಟಿ, ಕೆಲವರಿಗೆ 200 ಡಾಲರ್ ನಗದು, ಕೆಲವರಿಗೆ ಎರಡೂ, ಕೆಲವರಿಗೆ ಏನೂ ಇಲ್ಲ. ದುಡ್ಡಿಗೆ ಷರತ್ತೇ ಇಲ್ಲ. "ಕುಡಿದು ಹಾಳು ಮಾಡ್ತಾರೆ" ಅಂತ ಎಲ್ಲರೂ ಹೇಳುವುದೇ, ಆದರೆ ಹೆಚ್ಚಿನವರು ಹಾಗೆ ಮಾಡಲಿಲ್ಲ.

ನಡೆಸಿದವರು ಯಾರು ಅಂತ ನೋಡಿ. ಡಿಗ್ರಿ ಇರುವ ನಮ್ಮಂಥವರಲ್ಲ. ಅಲ್ಲಿಯ ಒಂದು ಸಣ್ಣ ಸಂಸ್ಥೆಯವರು, ಅದರಲ್ಲಿ ಒಂದಷ್ಟು ಜನ ಹಿಂದೆ ಇದೇ ಬದುಕು ಬದುಕಿ ಹೊರಬಂದವರು. ಪಾಠವೂ ಬರೀ ಕೂತು ಮಾತಾಡುವುದಲ್ಲ. ಕೂದಲು ಕತ್ತರಿಸಿಕೊಂಡು, ಶುಭ್ರ ಬಟ್ಟೆ ಹಾಕಿಕೊಂಡು ಬ್ಯಾಂಕಿಗೆ ಹೋಗಿ ಖಾತೆ ಬಗ್ಗೆ ವಿಚಾರಿಸಿ ಬಾ, ಸೂಪರ್‌ಮಾರ್ಕೆಟಿಗೆ ಹೋಗಿ ಸುಮ್ಮನೆ ಒಂದು ಸುತ್ತು ಹಾಕಿ ಬಾ. ಗಾರ್ಡ್ ಓಡಿಸಬಹುದು, ಓಡಿಸಿದರೆ ಏನು ಮಾಡ್ತಿ? ಮರುದಿನ ಗುಂಪಿನಲ್ಲಿ ಅದೇ ಚರ್ಚೆ.

ವರ್ಷ ಆದ ಮೇಲೆ ಬರೀ ದುಡ್ಡು ತೆಗೆದುಕೊಂಡವರ ಗಳಿಕೆ ಮೊದಲಿನ ಹಾಗೇ. ಬರೀ ಸಿಬಿಟಿಯವರಲ್ಲಿ ಶುರುವಿಗೆ ಕಂಡ ಬದಲಾವಣೆ ಸವೆಯುತ್ತಾ ಬಂತು. ಎರಡೂ ಸಿಕ್ಕವರಲ್ಲಿ ಮಾತ್ರ ಉಳಿಯಿತು. ಹತ್ತು ವರ್ಷದ ಮೇಲೆ ಪುನಃ ಹುಡುಕಿಕೊಂಡು ಹೋದಾಗಲೂ ಅವರ ಅಪರಾಧ, ಹಿಂಸೆ ಸುಮಾರು ಅರ್ಧದಷ್ಟು ಕಡಿಮೆ ಇತ್ತು. ಒಬ್ಬನಿಗೆ ಖರ್ಚಾದದ್ದು ಎಲ್ಲ ಸೇರಿ 530 ಡಾಲರ್ ಆಸುಪಾಸು. ಹಾಗಂತ ಅವರೆಲ್ಲ ಶ್ರೀಮಂತರಾದದ್ದಲ್ಲ, ಶುರುಮಾಡಿದ ಸಣ್ಣ ವ್ಯಾಪಾರ ಎಷ್ಟೋ ಜನರದ್ದು ಮುಳುಗಿಹೋಗಿತ್ತು. ಅಧ್ಯಯನ ಮಾಡಿದವರ ಊಹೆ ಏನೆಂದರೆ, ಆ ದುಡ್ಡಿನಿಂದ ಇನ್ನೂ ಕೆಲವು ತಿಂಗಳು ಮರ್ಯಾದಸ್ಥನ ಹಾಗೆ ಅಂಗಡಿ ಇಟ್ಟು ಕೂರಲು ಸಾಧ್ಯ ಆಯಿತು, ಅಷ್ಟರೊಳಗೆ ಹೊಸ ಅಭ್ಯಾಸ ಮೈಗೆ ಹತ್ತಿತು.

ಹೊಟ್ಟೆಗಿಲ್ಲದವನಿಗೆ ಪಾಠ ಸಾಲುವುದಿಲ್ಲ ಅಂತ ನೀವು ಹೇಳಿದ್ದು ಸರಿ. ಬರೀ ದುಡ್ಡೂ ಸಾಲುವುದಿಲ್ಲ.

ಇನ್ನೊಂದು, ನಮ್ಮ ರಾಜ್ಯದ್ದೇ. ನಿಮ್ಹಾನ್ಸ್‌ನವರು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ 5,024 ಮಂದಿಯನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟಿದ್ದಾರೆ. ಮಾನಸಿಕ ಕಾಯಿಲೆ ಅಥವಾ ಮಾದಕ ವ್ಯಸನ, ಎರಡರಲ್ಲಿ ಒಂದಾದರೂ ಇದ್ದವರು 79.6%. ವ್ಯಸನ ಬಿಟ್ಟು ಲೆಕ್ಕ ಹಾಕಿದರೆ 27.6%. ಕುಡಿತ, ತಂಬಾಕು, ಗಾಂಜಾದ ಕಡೆ ನೋಡದೆ ಬರೀ ಸಿಟ್ಟಿನ ಪಾಠ ಮಾಡಿದರೆ ಆ ಹುಡುಗರಿಗೆ ಎಲ್ಲಿಗೆ ಸಾಕು? ರಾತ್ರಿ ಕೈ ನಡುಗುವವನು ಹಗಲು ಗುಂಪಿನಲ್ಲಿ ಏನು ಕಲಿತಾನು?

ಅಂಕಿಸಂಖ್ಯೆ
ರೋಹಿ ಅವರು ಹೇಳಿದ್ದಕ್ಕೆ ಚಿಕಾಗೊದಿಂದಲೇ ಒಂದು ಜೋಡಿ ಸಿಗುತ್ತೆ. ರೀಡಿ ಅಂತ ಕಾರ್ಯಕ್ರಮ, ಗುಂಡಿನ ಜಗಳಕ್ಕೆ ಅತಿ ಹತ್ತಿರ ಇರೋ ಗಂಡಸರಿಗೆ ಹದಿನೆಂಟು ತಿಂಗಳು ಕೂಲಿ ಕೆಲಸ, ಜೊತೆಗೆ ಸಿಬಿಟಿ. 2,456 ಜನರ ಲಾಟರಿ ಪ್ರಯೋಗ. ಗಂಭೀರ ಹಿಂಸೆಯ ಒಟ್ಟು ಲೆಕ್ಕದಲ್ಲಿ ಖಚಿತವಾದ ಇಳಿಕೆ ಸಿಗಲಿಲ್ಲ. ಗುಂಡು ಹಾರಿಸಿದ, ಕೊಲೆಯ ಕೇಸುಗಳ ಬಂಧನ ಮಾತ್ರ ಬಹಳ ಇಳಿಯಿತು. ಬಡಾವಣೆಯ ಕಾರ್ಯಕರ್ತರು ಖುದ್ದು ಗುರುತಿಸಿ ಕರೆತಂದವರಲ್ಲಿ ಫಲ ಹೆಚ್ಚು ಕಂಡಿತು. ಯಾರಿಗೆ ಬೇಕು ಅನ್ನೋದು ಕಂಪ್ಯೂಟರ್‌ಗಿಂತ ಬೀದಿಯವರಿಗೆ ಚೆನ್ನಾಗಿ ಗೊತ್ತಿತ್ತು ಅಂತ ನಾನು ಓದಿಕೊಂಡೆ. ಇದು ನನ್ನ ಅಭಿಪ್ರಾಯ ಅಷ್ಟೇ.

ಮತ್ತೆ ಶಾಲೆಯ ಹುಡುಗರದ್ದು: ಕಾರ್ಯಕ್ರಮ ನಿಂತ ಮೇಲೆ ಬಂಧನದ ವ್ಯತ್ಯಾಸ ಹಾಗೇ ಮುಂದುವರಿಯಿತು ಅಂತ ಹೇಳೋಕೆ ಪುರಾವೆ ಸಿಗಲಿಲ್ಲ. ಹೊಗಳೋ ಲೇಖನಗಳು ಇದನ್ನ ಬಿಟ್ಟುಬಿಡ್ತವೆ.

ನೀತಿಪಾಠದ ಪ್ರಶ್ನೆ ಬಾಕಿ ಉಳೀತು. ಚಿಕಾಗೊದವರ ವಾದ ಕೇಳಿದರೆ ನಿಮ್ಮ ಗೈಡ್‌ಗೆ ಆಶ್ಚರ್ಯ ಆಗಬಹುದು. "ಹೊಡೆದಾಟ ಕೆಟ್ಟದ್ದು" ಅಂತ ಅವರು ಹೇಳಿಕೊಡೋದೇ ಇಲ್ಲ. ಆ ಬೀದಿಗಳಲ್ಲಿ ಒಮ್ಮೆ ತಲೆತಗ್ಗಿಸಿ ಫೋನ್ ಕೊಟ್ಟವನ ಹತ್ತಿರ ನಾಳೆ ಶೂ ಕೇಳ್ತಾರೆ. ಸೆಟೆದು ನಿಲ್ಲೋದು ಅಲ್ಲಿ ಬುದ್ಧಿವಂತಿಕೆಯೇ ಇರಬಹುದು. ಅದೇ ವರಸೆಯನ್ನ "ಸುಮ್ಮನೆ ಕೂತ್ಕೋ" ಅಂದ ಮೇಷ್ಟ್ರ ಹತ್ತಿರ ತೋರಿಸಿದಾಗ ಕೆಡುತ್ತೆ. ಈಗ ಎಲ್ಲಿದ್ದೀನಿ, ಎದುರಿಗಿರೋನು ಯಾರು ಅಂತ ಒಂದು ಕ್ಷಣ ನಿಂತು ನೋಡೋದನ್ನ ಕಲಿಸ್ತಾರೆ. ಹುಡುಗರಿಗೆ ಒಂದು ಆಟ ಕೊಟ್ಟು ಅಳೆದಾಗ, ಕಾರ್ಯಕ್ರಮಕ್ಕೆ ಹೋದವರು ತೀರ್ಮಾನಕ್ಕೆ ಮುಂಚೆ ಹೆಚ್ಚು ಹೊತ್ತು ತಗೊಂಡರು.

ತುಂಗಾತೀರ
ಎಲ್ಲರಿಗೂ ದೊಡ್ಡ ನಮಸ್ಕಾರ. ಯೋಜನೆ ತಿರುಗಿ ಬರೆದೆ. ಪ್ರತಿ ಭೇಟಿಯೂ ಅವತ್ತಿಗೇ ಮುಗಿಯುತ್ತೆ. ಕೇಸಿನ ಮಾತು ಎತ್ತಲ್ಲ, ಒಳಗಿನ ಜಗಳಗಳಷ್ಟೇ. ನೋಟ್ಸಲ್ಲಿ ಹೆಸರು ಇರಲ್ಲ. ಅರ್ಧಕ್ಕಿಂತ ಹೆಚ್ಚು ಹೊತ್ತು ಅಭಿನಯ. ಮೊದಲ ಸಲ ಸಣ್ಣ ಕಳ್ಳತನದ ಆರೋಪಕ್ಕೆ ಬಂದ ಹುಡುಗರನ್ನ ಹಳಬರ ಗುಂಪಿಗೆ ಸೇರಿಸಲ್ಲ, ಅವರಿಗೆ ಕೇರಂ, ಓದು ಸಾಕು. ವ್ಯಸನ ಇರೋರನ್ನ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸೋಕೆ ಅಧೀಕ್ಷಕರನ್ನ ಕೇಳ್ತೀನಿ. ನೀತಿಕಥೆ ತೆಗೆದುಹಾಕಿದೆ, ಗೈಡ್ ಏನಂತಾರೋ ನೋಡಬೇಕು. ಯೋಗ ಬೆಳಿಗ್ಗೆ ಅವರದ್ದು ಹೇಗೂ ಇರುತ್ತೆ.

ಹೊರಗೆ ಹೋದ ಮೇಲೆ ಏನು ಅನ್ನೋದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. 200 ಡಾಲರ್ ಕೊಡೋರು ಇಲ್ಲಿ ಯಾರಿದ್ದಾರೆ?

ಕರಿಕೋಟು
ಡಾಲರ್ ಕೊಡಲಾರೆ. ಬಾಲನ್ಯಾಯ ಕಾಯ್ದೆಯಲ್ಲಿ ಪಾಲನಾ ನಂತರದ ಆರೈಕೆ ಎಂದು 46ನೇ ಕಲಮು ಇದೆ, ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ಹಣಕಾಸಿನ ನೆರವು ಕೊಡಲು ಅವಕಾಶವಿದೆ. ವೀಕ್ಷಣಾಲಯದಿಂದ ಜಾಮೀನಿನ ಮೇಲೆ ಹೋಗುವ ಹುಡುಗನಿಗೆ ಅದು ನೇರವಾಗಿ ಒದಗುವುದಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಯಾವ ಯೋಜನೆಯಡಿ ಏನು ಸಿಗುತ್ತದೆ ಎಂದು ಬರಹದಲ್ಲಿ ಕೇಳಿ. ಬಾಯಲ್ಲಿ ಕೇಳಿದರೆ "ನೋಡೋಣ" ಎನ್ನುತ್ತಾರೆ. ಕರಡು ನನಗೆ ಮೆಸೇಜ್ ಮಾಡಿ, ಗೋಪ್ಯತೆಯ ಭಾಗ ಓದಿ ಕೊಡುತ್ತೇನೆ.

ಸುಮ್ನೆ_ಕೇಳ್ದೆ
ಒಡವೆ ಇನ್ನೂ ಸಿಕ್ಕಿಲ್ಲ. ಆದರೂ ಈ ಹುಡುಗಿ ಏನು ಮಾಡ್ತಾಳೆ ಅಂತ ನೋಡೋ ಕುತೂಹಲ ಇದೆ. ಆಮೇಲೆ ಇಲ್ಲೇ ಹೇಳಮ್ಮ.

ನಿವೃತ್ತ_ಧಾರವಾಡ
ತಂಗೀ, ಒಂದ ಮಾತು. ಗುಂಪಿಗೆ ದಿನಾ ಗೊತ್ತ ಮಾಡೂಕಿಂತ ಮೊದಲ ಮಂಡಳಿ ಯಾವ್ಯಾವ ದಿನ ಕೂಡ್ತದ ಕೇಳ್ಕೋ. ಆ ದಿನಾ ಇಟ್ರ ಖಾಲಿ ಖುರ್ಚಿಗೆ ಪಾಠ ಹೇಳಬೇಕಾಗ್ತದ. ಅಲ್ಲಿ ಗಾರ್ಡ್ ಮಂದೀನ್ನೂ ಒಂದೆರಡ ಸಲ ಒಳಗ ಕೂಡಿಸ್ಕೋ. ನೀ ವಾರಕ್ಕೊಮ್ಮೆ ಬಂದ ಹೋಗಾಕಿ, ರಾತ್ರಿ ಜಗಳಾ ಬಿಡಸವ್ರು ಅವರ.